ಮುನ್ನೂರ ನಲವತ್ತು ಗ್ರಾಂ

ನಮ್ಮ ಯಜಮಾನರ ಬಾಯಲ್ಲಿ ಭಾರ ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಯಾರಾದರೂ ಹಾಗೆಂದರೆ, "ಭಾರ ಅಂದ್ರೆ ಎಷ್ಟು? ಲೆಕ್ಕ ಹೇಳಿ" ಎನ್ನುವರು. ಇಪ್ಪತ್ತಮೂರು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಕಾಗದ ಬಟವಾಡೆ ಮಾಡಿದವರು. ಕಳೆದ ಎರಡು ವರ್ಷದಿಂದ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂರುತ್ತಾರೆ. ಯಾರಾದರೂ ಕಟ್ಟು ತಂದು ಮುಂದಿಟ್ಟರೆ, ತೂಕದ ಯಂತ್ರದ ಮೇಲಿಡುವ ಮೊದಲು ಅಂಗೈಯಲ್ಲಿ ಒಮ್ಮೆ ಎತ್ತಿ, "ಎಂಟುನೂರ ಐವತ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಯಂತ್ರ ಎಂಟುನೂರ ನಲವತ್ತೈದು ಎಂದು ತೋರಿಸಿದರೆ ಯಂತ್ರವನ್ನೇ ಅನುಮಾನದಿಂದ ನೋಡುವರು. ಮಗಳು ಹುಟ್ಟಿದ ದಿನ ನರ್ಸಮ್ಮ ಚೀಟಿ ಓದುವ ಮೊದಲೇ ಮಗುವನ್ನು ಕೈಗೆ ತೆಗೆದುಕೊಂಡು ತೂಕ ಹೇಳಿದ್ದರು. ಇಪ್ಪತ್ತು ಗ್ರಾಂ ಆಚೀಚೆ. "ಬಟ್ಟೆದು" ಎಂದಿದ್ದರು.

ಅಂಥವರ ಎಡಗಾಲು ಕಳೆದ ಚಳಿಗಾಲದಿಂದ ನೆಲ ಬಿಟ್ಟು ಏಳಲು ತಡ ಮಾಡತೊಡಗಿತು.

ಅದನ್ನು ಮೊದಲು ಹಿಡಿದದ್ದು ನನ್ನ ಕಣ್ಣಲ್ಲ, ಕಿವಿ. ನಾನು ಅಜ್ಜಿಯ ಓದು ಕೇಳುತ್ತ ಬೆಳೆದವಳು. ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಅವಳು ಗೋಡೆಗೆ ಒರಗಿ ಕುಳಿತು ದೇವರ ಪದ್ಯಗಳನ್ನು ರಾಗವಾಗಿ ಹೇಳುವಳು. ಅರ್ಥ ತಿಳಿಯುವ ವಯಸ್ಸಲ್ಲ ನನ್ನದು. ಎಲ್ಲಿ ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಒಂದು ಅಕ್ಷರ ಜಾರಿದರೂ ಅವಳ ತೊಡೆಯ ಮೇಲೆ ತೂಕಡಿಸುತ್ತಿದ್ದ ನಾನು ಕಣ್ಣು ಬಿಡುತ್ತಿದ್ದೆ. ಮೂರನೇ ಮಹಡಿಯ ನಮ್ಮ ಮನೆಗೆ ಇವರು ಮೆಟ್ಟಿಲು ಹತ್ತಿ ಬರುವ ಸದ್ದನ್ನು ಹದಿನೇಳು ವರ್ಷ ಕೇಳಿದ್ದೇನೆ. ಒಂದು ಸಂಜೆ ಹೆಜ್ಜೆಯ ಹಿಂದೆ ಒಂದು ಎಳೆತ ಸೇರಿಕೊಂಡಿತ್ತು. ನಾನು ಒಲೆ ಆರಿಸಿ ಬಾಗಿಲ ಬಳಿ ನಿಂತೆ.

"ಮೆದುಳಿಂದ ಕಾಲಿಗೆ ಹೋಗೋ ಸುದ್ದಿ ಸರಿಯಾಗಿ ತಲುಪ್ತಾ ಇಲ್ಲ" ಎಂದರು ನರದ ಡಾಕ್ಟರು.

"ಬಟವಾಡೆ ತಡ ಆಗ್ತಿದೆ ಅನ್ನಿ" ಎಂದರು ಇವರು.

ಡಾಕ್ಟರಿಗೆ ನಗು ಬಂತು. ನಕ್ಕು ಮುಗಿಸಿ, "ಇದು ವಾಸಿ ಆಗೋದಲ್ಲ. ಮಾತ್ರೆಯಿಂದ ನಿಧಾನ ಮಾಡಬಹುದು ಅಷ್ಟೆ. ಮುಂದೆ ಎಡಗೈಗೂ ಬರುತ್ತೆ. ಇವತ್ತಿಂದಲೇ ಒಂದು ಊರುಗೋಲು ಹಿಡೀರಿ. ನೀವು ಬೀಳಬಾರದು, ಅದೊಂದೇ ನಾನು ಹೇಳೋದು" ಎಂದರು.

ಮೂರು ಸಲ ಹೋದೆವು. ಮೂರು ಸಲವೂ ಅದೇ ಮಾತು. ಇವರದೂ ಒಂದೇ ಉತ್ತರ, "ಆಯ್ತು ಡಾಕ್ಟ್ರೇ." ಮನೆಗೆ ಬಂದರೆ ಬೇರೆ ರಾಗ.

"ಆ ಬೀದಿಗಳಲ್ಲಿ ಓಡಾಡಿದವನು ಕಣೇ ನಾನು. ಈಗ ಅದೇ ಬೀದಿಯಲ್ಲಿ ಕೋಲೂರಿಕೊಂಡು ಹೋಗಲಾ? ಇಪ್ಪತ್ತಮೂರು ವರ್ಷ ನನ್ನ ಕಂಡು ಬೊಗಳಿದ ನಾಯಿಗಳು ಅಯ್ಯೋ ಪಾಪ ಅಂತವೆ."

ನಾನು ನಕ್ಕೆ. ನಗಬಾರದಿತ್ತು. ಅದಾದ ಎರಡೇ ವಾರಕ್ಕೆ ಮೆಟ್ಟಿಲ ಮೇಲೆ ಬಿದ್ದರು. ಆಮೇಲೆ ಬಚ್ಚಲಲ್ಲಿ. ಎರಡು ಸಲವೂ ಮಗಳು ಶಾಲೆಯಲ್ಲಿದ್ದಳು. "ಅಳಿಲಿಗೆ ಹೇಳಬೇಡ" ಎಂದರು. ಮಗಳಿಗೆ ಹದಿನಾಲ್ಕು, ಒಂದು ಕಡೆ ಕೂರುವವಳಲ್ಲ, ಆದ್ದರಿಂದ ಮನೆಯಲ್ಲಿ ಅವಳು ಅಳಿಲು. ನಾನು ಹೇಳಲಿಲ್ಲ. ದೇವರಿಗೆ ಮಾತ್ರ ದಿನಾ ಹೇಳಿದೆ. ಬೇರೇನೂ ಬೇಡ, ಮೂರನೇ ಸಲ ಬೀಳುವ ಮೊದಲು ಇವರ ಕೈಗೆ ಒಂದು ಕೋಲು ಬರಲಿ.

ಪ್ರತಿ ವರ್ಷ ಶಾಲೆಗೆ ರಜೆ ಬಿದ್ದ ಮೇಲೆ ನಾವು ಮೂವರೂ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ದಾಟಿ ಅದರಾಚೆಯ ಕೆರೆಯವರೆಗೆ ನಡೆದುಹೋಗಿ ಬರುತ್ತೇವೆ. ಎರಡು ರಾತ್ರಿ ಟೆಂಟಿನಲ್ಲಿ. ನಮ್ಮ ಹಳೆಯ ಟೆಂಟು ನಾಲ್ಕು ಕಿಲೋ ಇನ್ನೂರು, ಯಾವಾಗಲೂ ಇವರ ಬೆನ್ನ ಮೇಲೆ. ಈ ವರ್ಷ ಅದನ್ನು ಹಜಾರದಲ್ಲಿ ಹರಡಿಕೊಂಡು ಕುಳಿತರು. ಬಹಳ ಹೊತ್ತು ಕುಳಿತರು.

"ಇದರ ಜಿಪ್ಪು ಹೋಗಿದೆ. ಹೊಸದು ತಗೊಳ್ಳೋಣ. ಸ್ವಲ್ಪ ಹಗುರದ್ದು" ಎಂದರು.

ನನ್ನ ಕೆಲಸ ದೊಡ್ಡ ಲಾಂಡ್ರಿಯೊಂದರ ಹೊಲಿಗೆ ಕೋಣೆಯಲ್ಲಿ. ಹೋಟೆಲುಗಳಿಂದ ಬಂದ ಹಾಸುಬಟ್ಟೆಗಳ ಹರಿದ ಅಂಚು ಹೊಲಿಯುವುದು, ದಿಂಬಿನ ಚೀಲಗಳಿಗೆ ಜಿಪ್ಪು ಹಾಕುವುದು. ಆ ಟೆಂಟಿನ ಜಿಪ್ಪನ್ನು ಹಿಂದಿನ ವರ್ಷ ಬದಲಿಸಿದವಳು ನಾನೇ. ಬೆಣ್ಣೆಯ ಹಾಗೆ ಓಡುತ್ತಿತ್ತು.

"ಹೌದು, ಹಳೇದಾಯ್ತು" ಎಂದೆ.

ಅಂಗಡಿಗೆ ನನ್ನ ತಮ್ಮನೂ ಬಂದ. ಅವನು ಸಿಟಿ ಬಸ್ಸಿನ ಡ್ರೈವರು. ಅವತ್ತು ರಜೆ. ನಡೆಯುವುದೆಂದರೆ ಅವನಿಗೆ ಆಗದು. ನಾವು ಬೆಟ್ಟಕ್ಕೆ ಹೋಗುವುದನ್ನು ವರ್ಷವಿಡೀ ಆಡಿಕೊಳ್ಳುವವನು.

"ಭಾವ, ಮನೆ ಬಾಡಿಗೆ ಕೊಟ್ಟು ಮಂಚ ಹಾಕ್ಕೊಂಡು ಬಯಲಲ್ಲಿ ಮಲಗೋಕೆ ಹೋಗ್ತೀರಲ್ಲ, ಮನೆ ಮಾಲೀಕನಿಗೆ ಗೊತ್ತಾದ್ರೆ ಬೇಜಾರು ಮಾಡ್ಕೊತಾನೆ."

"ನೀನು ದಿನಕ್ಕೆ ಎಂಟು ಗಂಟೆ ಕೂತು ಊರು ಸುತ್ತುತೀಯಲ್ಲ, ನಿನ್ನ ಕಾಲು ಬೇಜಾರು ಮಾಡ್ಕೊಳಲ್ವೇನೋ?" ಎಂದರು ಇವರು. ಮಾತು ಮುಗಿಸಿ ತಮ್ಮ ಎಡಗಾಲನ್ನು ನೋಡಿಕೊಂಡರು. ತಮ್ಮನಿಗೆ ಆ ಕಡೆ ಲಕ್ಷ್ಯವಿರಲಿಲ್ಲ. ನನಗಿತ್ತು.

ಅಂಗಡಿ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ದೀಪದ ಬೆಳಕಲ್ಲಿ ಹತ್ತಿಪ್ಪತ್ತು ಟೆಂಟು ಎದ್ದು ನಿಂತಿದ್ದವು, ಯಾರೂ ಇಲ್ಲದ ಊರಿನ ಹಾಗೆ. ಅಂಗಡಿಯಾಕೆ ಐವತ್ತು ದಾಟಿದವರು, ಬಲಗೈಯ ಎರಡು ಬೆರಳು ಮೊಟಕು. ಹಿಮದಲ್ಲಿ ಹೋದವಂತೆ. ಮಗಳು ಕೇಳಿಯೇಬಿಟ್ಟಳು, ಅವರು ಬೇಸರಿಸದೆ ಹೇಳಿದರು.

ಅಳಿಲು ಮನೆಯಿಂದಲೇ ಪಟ್ಟಿ ಬರೆದು ತಂದಿದ್ದಳು. ಗುಮ್ಮಟದ ಟೆಂಟು ಎರಡು ಕಿಲೋ ಆರುನೂರು. ಸುರಂಗದ ಹಾಗೆ ಉದ್ದವಾದದ್ದು ಎರಡು ಕಿಲೋ ಮುನ್ನೂರು. ಮೂಲೆಯಲ್ಲಿ ಬೂದು ಬಣ್ಣದ್ದೊಂದು ನಾಲ್ಕು ಮೂಲೆ ನೆಲಕ್ಕೆ ಬಿಗಿದುಕೊಂಡು ನಡುವೆ ಚೂಪಾಗಿ ನಿಂತಿತ್ತು.

"ಪಿರಮಿಡ್" ಎಂದಳು ಮಗಳು. "ಒಂದು ಕಿಲೋ ನೂರ ಎಂಬತ್ತು. ಮೂರು ಜನ ಆರಾಮಾಗಿ ಮಲಗಬಹುದು."

"ಬೋರಲು ಹಾಕಿದ ಲಾಳಿಕೆ ಇದ್ದ ಹಾಗಿದೆ" ಎಂದ ತಮ್ಮ.

ನಾನು ಒಳಗೆ ತಲೆ ಹಾಕಿ ಹೊಲಿಗೆ ನೋಡಿದೆ. ಮಡಚಿ ಎರಡು ಸಾಲು ಹೊಲಿದು ಮೇಲೆ ಪಟ್ಟಿ ಅಂಟಿಸಿದ್ದರು. ಮೂಲೆಗಳಿಗೆ ಒತ್ತು ಬಟ್ಟೆ ಕೊಟ್ಟಿದ್ದರು. ಒಳ್ಳೆಯ ಕೈಯ ಕೆಲಸ. ಬಟ್ಟೆ ಎಷ್ಟು ತೆಳುವೆಂದರೆ ಹೊರಗೆ ನಿಂತ ಇವರ ನೆರಳು ಅದರ ಮೇಲೆ ಕಾಣುತ್ತಿತ್ತು. ನೆರಳು ಬಲಕ್ಕೆ ವಾಲಿತ್ತು.

"ಇದು ಹಗುರ ಯಾಕೆ ಅಂದ್ರೆ, ಇದಕ್ಕೆ ಸ್ವಂತ ಕಂಬ ಇಲ್ಲ" ಎಂದರು ಅಂಗಡಿಯಾಕೆ. "ನಡೆಯೋವಾಗ ಊರ್ತೀವಲ್ಲ ಕೋಲು, ಅವೆರಡನ್ನ ಸೇರಿಸಿ ಪಟ್ಟಿ ಬಿಗಿದ್ರೆ ಅದೇ ನಡುಗಂಬ. ನಿಮ್ಮ ಹತ್ರ ಕೋಲು ಇದೆ ತಾನೆ?"

ಇವರು ಒಂದು ಗೂಟವನ್ನು ಕೈಗೆತ್ತಿಕೊಂಡು ಅದರ ಮೊನೆ ನೋಡುತ್ತಿದ್ದರು.

ಬೇಡಿಕೊಂಡದ್ದು ಕೊನೆಗೂ ದೇವರ ಕಿವಿಗೆ ಬಿದ್ದಿತೇನೋ ಎಂದುಕೊಂಡೆ. "ಇಲ್ಲ, ಆದ್ರೆ ಟೆಂಟಿಗೆ ಬೇಕು ಅಂದಮೇಲೆ ತಗೊಳ್ಳಲೇಬೇಕಲ್ಲ" ಎಂದೆ. ದನಿ ಎಷ್ಟು ಸಹಜವಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

"ಬೇಡ ಅಂದ್ರೆ ಬೇರೆ ಕಂಬಾನೂ ಇದೆ." ಅಂಗಡಿಯಾಕೆ ಗೋಡೆಯ ಗೂಡಿನಿಂದ ಮಡಚುವ ಅಲ್ಯೂಮಿನಿಯಂ ಕಂಬವೊಂದನ್ನು ತೆಗೆದರು. "ಮುನ್ನೂರ ನಲವತ್ತು ಗ್ರಾಂ. ಸಂಸಾರಸ್ಥರಿಗೆ ನಾನು ಇದನ್ನೂ ತಗೊಳ್ಳಿ ಅಂತೀನಿ. ಯಾಕೆಂದ್ರೆ ಟೆಂಟು ಎದ್ದ ಮೇಲೆ ಕೋಲು ಟೆಂಟಿಂದು, ನಿಮ್ಮದಲ್ಲ. ಆಮೇಲೆ ನೀರಿಗೋ ನಿಡಿಗೋ ಹೋಗಬೇಕು ಅಂದ್ರೆ ಬರಿಗೈಲಿ ಹೋಗಬೇಕು."

ಎಷ್ಟು ಸ್ಪಷ್ಟವಾಗಿ ಹೇಳಿದ್ದರು. ಒಂದೊಂದು ಮಾತೂ ಈಗಲೂ ಕಿವಿಯಲ್ಲಿದೆ. ಆದರೆ ಆ ಹೊತ್ತು ನನಗೆ ಕಂಡದ್ದು ಒಂದೇ. ಈ ಕಂಬ ಮನೆಗೆ ಬಂದರೆ ಕೋಲು ಬರುವುದಿಲ್ಲ. ಕಂಬ ಇರುವಾಗ ಕೋಲು ಯಾಕೆ ಎಂದುಬಿಡುತ್ತಾರೆ.

"ಬೇಡ, ಸುಮ್ಮನೆ ಭಾರ" ಎಂದೆ.

ಇವರು ತಲೆಯೆತ್ತಿ ನನ್ನನ್ನು ನೋಡಿದರು. "ಭಾರ ಏನು? ಎಷ್ಟು ಅಂತ ಅವರು ಹೇಳಿದ್ರಲ್ಲ, ಮುನ್ನೂರ ನಲವತ್ತು." ಆಮೇಲೆ ಅಂಗಡಿಯಾಕೆಯ ಕಡೆ ತಿರುಗಿ, "ಬಿಡಿ, ಬೇಡ. ಕೋಲೇ ಕೊಡಿ" ಎಂದರು.

ಚೀಲದಲ್ಲಿ ಮಡಚಿಟ್ಟ ಟೆಂಟನ್ನು ಕೈಗೆ ಕೊಟ್ಟಾಗ ಬಲ ಅಂಗೈಯಲ್ಲಿ ಎತ್ತಿ, "ಒಂದು ಕಿಲೋ ನೂರ ತೊಂಬತ್ತು" ಎಂದರು. ಅಂಗಡಿಯಾಕೆ ಯಂತ್ರಕ್ಕೆ ತೂಗುಹಾಕಿ ನೋಡಿ ಹುಬ್ಬೇರಿಸಿದರು. ಒಂದು ಕಿಲೋ ನೂರ ಎಂಬತ್ತೆರಡು. ಮಗಳು ಕುಣಿದಳು.

"ಅಪ್ಪ, ಅಪ್ಪ, ಈಗ ಎಡಗೈಲಿ ಹೇಳು!"

ಇವರು ಚೀಲವನ್ನು ಎಡಗೈಗೆ ದಾಟಿಸಿದರು. ಹಿಡಿದು ನಿಂತರು. ನಾನು ಅಂಗಡಿಯ ಗಡಿಯಾರದ ಸದ್ದು ಕೇಳುತ್ತಿದ್ದೆ.

"ಎರಡು ಕಿಲೋ" ಎಂದರು.

ಮಗಳು ಬಿದ್ದು ಬಿದ್ದು ನಕ್ಕಳು. ತಮ್ಮನೂ ನಕ್ಕ. ಅಪ್ಪ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು. ಇವರೂ ನಗುವಿನ ಜೊತೆ ಸೇರಿಕೊಂಡರು, ಸ್ವಲ್ಪ ತಡವಾಗಿ.

ಆಮೇಲಿನ ಎರಡು ತಿಂಗಳನ್ನು ನೆನೆದರೆ ಈಗಲೂ ಅದು ಒಳ್ಳೆಯ ಕಾಲವೆಂದೇ ಅನ್ನಿಸುತ್ತದೆ. ಅದೇ ಸಂಕಟ.

ಲಾಂಡ್ರಿಯ ಹಿಂದೆ ಬಟ್ಟೆ ಒಣಗಿಸುವ ಬಯಲಿದೆ. ಭಾನುವಾರ ತಂತಿಗಳು ಖಾಲಿ. ಅಲ್ಲಿ ಟೆಂಟು ಎಬ್ಬಿಸಿ ಅಭ್ಯಾಸ ಮಾಡಿದೆವು. ನಾನೂ ಮಗಳೂ ನಾಲ್ಕು ಮೂಲೆಗೆ ಗೂಟ ಬಡಿಯುವುದು. ಇವರು ಬಿದ್ದುಕೊಂಡ ಬಟ್ಟೆಯ ಒಳಗೆ ತೆವಳಿಕೊಂಡು ಹೋಗಿ ಕೋಲನ್ನು ನಡುವೆ ನಿಲ್ಲಿಸಿ ಎತ್ತುವುದು. ನೆಲದ ಮೇಲೆ ಸುಮ್ಮನೆ ಬಿದ್ದಿದ್ದ ಬಟ್ಟೆ ಒಮ್ಮೆಲೆ ಉಸಿರು ಎಳೆದುಕೊಂಡ ಹಾಗೆ ಮೇಲೇಳುವುದು. ಒಳಗಿನಿಂದ ಇವರ ದನಿ, "ಬನ್ನಿ ಒಳಗೆ, ಮನೆ ಆಯ್ತು." ತೆವಳುವುದಕ್ಕೆ ಎಡಗಾಲಿನ ಹಂಗಿರಲಿಲ್ಲ. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಮಾರನೆಯ ವಾರ ಒಂದು ಕೋಲನ್ನು ಹಿಡಿದುಕೊಂಡೇ ಕಚೇರಿಗೆ ಹೊರಟರು. ನಾನು ಏನೂ ಕೇಳಲಿಲ್ಲ. ಅವರೇ ಹೇಳಿದರು, "ಕೈಗೆ ರೂಢಿ ಆಗಲಿ ಅಂತ." ಕಚೇರಿಯಲ್ಲಿ ಯಾರೋ ಕೇಳಿದರಂತೆ, "ಇದೇನು ಸಾರ್ ಕೋಲು?" "ಕೋಲಲ್ಲ ಕಣಯ್ಯ, ಟೆಂಟಿನ ಕಂಬ" ಎಂದರಂತೆ. ಸಂಜೆ ಅದನ್ನು ಹೇಳಿ ತಾವೇ ನಕ್ಕರು. ಮೆಟ್ಟಿಲಿನ ಸದ್ದು ಈಗ ಬೇರೆಯಾಯಿತು. ಕೋಲು, ಹೆಜ್ಜೆ, ಸಣ್ಣ ಎಳೆತ. ಹೊಸ ಪದ್ಯವೊಂದು ಕಿವಿಗೆ ಹೊಂದಿಕೊಂಡ ಹಾಗೆ ನನಗೆ ಅದು ಹೊಂದಿಕೊಂಡಿತು. ದೇವರಿಗೆ ಕೈ ಮುಗಿದೆ.

ನನ್ನ ಈ ಉಪಾಯ ತಮ್ಮನಿಗೆ ಮಾತ್ರ ಗೊತ್ತಿತ್ತು, ನಾನೇ ಹೇಳಿದ್ದೆ. ಒಮ್ಮೆ ಹೊಲಿಗೆ ಕೋಣೆಗೆ ಬಂದು ಹಾಸುಬಟ್ಟೆಯ ರಾಶಿಯ ಮೇಲೆ ಕುಳಿತು ಛೇಡಿಸಿದ.

"ಅಕ್ಕ, ನೀನು ದೇವರ ಹತ್ರ ಬೇಡ್ಕೊಳ್ತೀಯೋ, ದೇವರಿಗೇ ಉಪಾಯ ಹೇಳಿಕೊಡ್ತೀಯೋ?"

"ಸುಮ್ಮನಿರೋ. ಬಟ್ಟೆ ಮೇಲಿಂದ ಏಳು, ಈಗ ತಾನೆ ಇಸ್ತ್ರಿ ಆಗಿದೆ."

ಎದ್ದ. ಬಾಗಿಲವರೆಗೆ ಹೋಗಿ ನಿಂತ. "ಒಂದ್ಸಲ ಬಾಯಿಬಿಟ್ಟು ಹೇಳಿಬಿಡಬಾರ್ದಾ ಭಾವನಿಗೆ? ನಿಮ್ಮ ಕಾಲಿಗೋಸ್ಕರ ಹಿಡೀರಿ ಅಂತ?"

"ಹೇಳಿದ್ರೆ ಬಿಸಾಕಿಬಿಡ್ತಾರೆ."

"ಹೇಳದೆ ಇದ್ರೆ?"

ಸೂಜಿಯನ್ನು ತುಟಿಗಳ ನಡುವೆ ಕಚ್ಚಿಕೊಂಡೆ. ಅದನ್ನೇ ನೆಪ ಮಾಡಿಕೊಂಡು ಹಾಸುಬಟ್ಟೆಯ ಅಂಚು ಮಡಚತೊಡಗಿದೆ.

ರಜೆ ಬಂತು. ಹೊರಟೆವು. ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಇವರು ಮುಂದೆ, ನಡುವೆ ಮಗಳು, ಹಿಂದೆ ನಾನು. ಟೆಂಟು ಇವರ ಬೆನ್ನ ಮೇಲೆಯೇ ಇತ್ತು. ಏರಿನಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಎಡಗೈಯ ಕೋಲು ಆಗಾಗ ಕಲ್ಲಿಗೆ ತಾಗಿ ಜಾರುತ್ತಿತ್ತು. ಬಲಗೈಯದು ಜಾರಲಿಲ್ಲ. ಎದುರು ಬಂದವರ ಕೈಯಲ್ಲೂ ಇಂಥವೇ ಕೋಲು, ಎಲ್ಲರೂ ಗಟ್ಟಿಮುಟ್ಟಾದ ಕಾಲಿನವರೇ. ಅವರ ನಡುವೆ ಇವರು ಯಾರೂ ತಿರುಗಿ ನೋಡದ ಮನುಷ್ಯ. ಎಷ್ಟೋ ದಿನದ ಮೇಲೆ ಇವರ ಬೆನ್ನು ನೆಟ್ಟಗಿತ್ತು.

ಸಂಜೆಗೆ ಮೋಡ ಮುಸುಕಿತು. ಹಳ್ಳದಿಂದ ಐವತ್ತು ಅರವತ್ತು ಹೆಜ್ಜೆ ದೂರದಲ್ಲಿ ಸಮನೆಲ ಹುಡುಕಿ ಗೂಟ ಬಡಿದೆವು. ಇವರು ತೆವಳಿ ಒಳಗೆ ಹೋದರು. ಮನೆ ಎದ್ದಿತು. ಮಳೆ ಶುರುವಾಗುವಷ್ಟರಲ್ಲಿ ಮೂವರೂ ಒಳಗಿದ್ದೆವು. ಮಗಳು ನಡುವೆ, ಅವಳ ತಲೆಯ ಪಕ್ಕಕ್ಕೇ ಕೋಲು. ಬಟ್ಟೆಯ ಮೇಲೆ ಮಳೆಯ ಸದ್ದು ಕೇಳುತ್ತ ನಿದ್ದೆಹೋದೆ.

ಬೂದು ಬೆಳಕು ಹರಿಯುವಾಗ ಎಚ್ಚರವಾಯಿತು. ಮಳೆ ನಿಂತಿತ್ತು. ಬಟ್ಟೆಯ ಅಂಚಿನಿಂದ ಹನಿ ಬೀಳುತ್ತಿತ್ತು. ಇವರು ಎದ್ದು ಕುಳಿತಿದ್ದರು. ಹೊರಗೆ ಹೋಗಬೇಕಾಗಿತ್ತೆಂದು ಕಾಣುತ್ತದೆ. ಮಂಡಿಯ ಮೇಲೆ ಎದ್ದು ಬಲಗೈಯನ್ನು ಕೋಲಿನ ಮೇಲಿಟ್ಟರು. ಬೆರಳುಗಳು ಪಟ್ಟಿಯ ಕೊಕ್ಕೆಯವರೆಗೂ ಹೋದವು. ಅಲ್ಲಿ ನಿಂತವು. ಮಗಳ ಮುಖ ನೋಡಿದರು. ಅವಳು ಬಾಯಿ ತೆರೆದುಕೊಂಡು, ಚಿಕ್ಕವಳಿದ್ದಾಗಿನ ಹಾಗೆಯೇ ಮಲಗಿದ್ದಳು. ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಅರೆಗಣ್ಣಲ್ಲಿ ನೋಡುತ್ತಿದ್ದೆ. ಕೋಲು ತಗೊಂಡು ಹೋಗಿ. ಮೂರೇ ಮೂರು ಮಾತು. ಎರಡು ತಿಂಗಳು ಅದನ್ನು ಟೆಂಟಿನ ಕಂಬ ಎಂದು ಕರೆದವಳು ನಾನು. ಈಗ ಬಾಯಿ ತೆರೆದರೆ ಅಂಗಡಿಯಲ್ಲಿ ಹೇಳಿದ್ದು, ಬಯಲಲ್ಲಿ ನಕ್ಕದ್ದು, ಕಚೇರಿಯಲ್ಲಿ ಅವರು ಹೇಳಿಕೊಂಡದ್ದು ಎಲ್ಲವೂ ಕುಸಿದುಬೀಳುತ್ತಿತ್ತು. ನಾನೂ ಬರುತ್ತೇನೆ ಎನ್ನಬಹುದಿತ್ತು. ಅದೂ ಒಂದು ಕೋಲೇ ಎಂದು ಅವರಿಗೆ ಗೊತ್ತಾಗುತ್ತಿತ್ತು. ಐವತ್ತು ಹೆಜ್ಜೆ ತಾನೆ ಎಂದುಕೊಂಡು ಕಣ್ಣು ಮುಚ್ಚಿದೆ.

ಜಿಪ್ಪು ತೆರೆದ ಸದ್ದು. ಒದ್ದೆ ಜಲ್ಲಿಯ ಮೇಲೆ ಹೆಜ್ಜೆ, ಎಳೆತ. ಹೆಜ್ಜೆ, ಎಳೆತ. ಕಣ್ಣು ಮುಚ್ಚಿದರೂ ಕಿವಿ ಮುಚ್ಚಲಿಲ್ಲ. ಇಪ್ಪತ್ತು ಎಣಿಸಿದೆ. ಮೂವತ್ತು. ಜಲ್ಲಿ ಮುಗಿದು ಬಂಡೆ ಬಂತು, ಸದ್ದು ತೆಳುವಾಯಿತು. ಹೆಜ್ಜೆ, ಎಳೆತ. ಹೆಜ್ಜೆ. ಆಮೇಲೆ ಎಳೆತ ಬರಬೇಕಿತ್ತು.

ಬರಲಿಲ್ಲ. ಏನೋ ಬಿದ್ದ ಸದ್ದು ಬಂತು, ದೊಡ್ಡದೇನಲ್ಲ. ಹಾಸುಬಟ್ಟೆಯ ಒದ್ದೆ ಗಂಟನ್ನು ನೆಲಕ್ಕೆ ಹಾಕಿದಂಥ ಸದ್ದು.

ನಾನು ಕೋಲನ್ನು ಕಿತ್ತುಕೊಂಡೇ ಓಡಿದೆ. ಹಿಂದೆ ಟೆಂಟು ಮಗಳ ಮೇಲೆ ಬಿತ್ತು. ಬಟ್ಟೆಯ ಅಡಿಯಿಂದ "ಅಮ್ಮಾ!" ಎಂದು ಕೂಗಿದಳು. ಇವರು ಬಂಡೆಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದರು, ಎಡಗಾಲು ಕಾಲಿನ ಹಾಗೆ ಕಾಣದಂತೆ ಹೊರಳಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದರು.

"ಯಾಕೆ ಕಿತ್ಕೊಂಡು ಬಂದೆ? ಮಗು ಮೇಲೆ ಬಿತ್ತಲ್ಲ."

ಮಗಳು ಬರಿಗಾಲಲ್ಲಿ ಓಡಿ ಬಂದಳು. ಅಪ್ಪನನ್ನು ನೋಡಿದಳು, ಕೋಲನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ತಗೊಂಡು ಹೋಗಬಾರ್ದಿತ್ತಾ ಅಪ್ಪ?"

"ನಿನ್ನ ತಲೆ ಮೇಲೆ ಬೀಳ್ತಿತ್ತು ಪುಟ್ಟಾ."

"ಬಿದ್ರೆ ಏನಾಗ್ತಿತ್ತು? ಬಟ್ಟೆ ತಾನೆ ಅದು?" ಅವಳು ಅಳುತ್ತಿದ್ದಳು, ಕೂಗುತ್ತಿದ್ದಳು. "ಒಂದು ಕಿಲೋ ನೂರ ಎಂಬತ್ತು! ನೀನೇ ಅಲ್ವಾ ಎತ್ತಿ ನೋಡಿದ್ದು?"

ಮಗಳು ಓಡಿಹೋಗಿ ಕೆಳಗಿನ ಅರಣ್ಯ ಕಾವಲಿನ ಮನೆಯಿಂದ ನಾಲ್ಕು ಜನರನ್ನು ಕರೆತರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಯವರೆಗೆ ಟೆಂಟಿನ ಬಟ್ಟೆಯನ್ನು ಇವರ ಮೇಲೆ ಹೊದಿಸಿ ಪಕ್ಕದಲ್ಲಿ ಕುಳಿತೆ. ಅಜ್ಜಿಯ ಪದ್ಯಗಳಲ್ಲಿ ನೆನಪಿದ್ದಷ್ಟನ್ನು ಹೇಳಿದೆ. ನಡುನಡುವೆ ಸಾಲು ಮರೆತುಹೋಗುತ್ತಿತ್ತು. ಮರೆತಲ್ಲಿ ಮತ್ತೆ ಮೊದಲಿನಿಂದ ಹೇಳುತ್ತಿದ್ದೆ.

ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ಮೊಳೆ ಹೊಡೆದು ಕೂಡಿಸಿದರು. ನರದ ಡಾಕ್ಟರು ವಾರ್ಡಿಗೆ ಬಂದು ಕಾಲ ಬುಡದಲ್ಲಿ ನಿಂತರು.

"ಕೋಲು ಹಿಡಿದಿರಲಿಲ್ವಾ?"

"ಹಿಡಿದಿದ್ರು" ಎಂದೆ. "ಆ ಹೊತ್ತಿಗೆ ಅದು ಬೇರೆ ಕೆಲಸದಲ್ಲಿತ್ತು."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ತ್ರಾಣ ನನಗಿರಲಿಲ್ಲ. ಮೂಳೆ ಕೂಡಿಕೊಳ್ಳುತ್ತದೆ, ಆದರೆ ಇಷ್ಟು ದಿನ ಮಲಗಿದ ಕಾಲು ಮೊದಲಿನಷ್ಟಕ್ಕೆ ಬರುವುದು ಕಷ್ಟ ಎಂದರು. ಎಷ್ಟಕ್ಕೆ ಬರುತ್ತದೆ ಎಂದು ಇವರು ಕೇಳಿದರು. ಡಾಕ್ಟರು ಲೆಕ್ಕ ಹೇಳಲಿಲ್ಲ.

ಮನೆಗೆ ಕರೆದುಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ, ಮಗಳು ಶಾಲೆಗೆ ಹೋಗಿದ್ದಾಗ, ಹಾಸಿಗೆಯ ಅಂಚಿಗೆ ಕುಳಿತು ಎಲ್ಲ ಹೇಳಿಬಿಟ್ಟೆ. ಕೋಲು ಕೈಗೆ ಬರಲಿ ಎಂದೇ ಆ ಟೆಂಟು ಬೇಕೆಂದದ್ದು. ಕೋಲು ಬಿಟ್ಟುಹೋಗದಿರಲಿ ಎಂದೇ ಆ ಕಂಬ ಬೇಡವೆಂದದ್ದು. ಬೆಳಗಿನ ಹೊತ್ತು ಎಚ್ಚರವಿದ್ದೂ ಮಲಗಿದ್ದದ್ದು.

ಇವರು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು.

"ಅಂಗಡಿಯಲ್ಲೇ ಗೊತ್ತಾಯ್ತು" ಎಂದರು. "ಸುಮ್ಮನೆ ಭಾರ ಅಂದೆಯಲ್ಲ. ಹದಿನೇಳು ವರ್ಷ ನನ್ನ ಜೊತೆ ಬಾಳಿದವಳು ಆ ಮಾತು ಆಡ್ತೀಯಾ?"

"ಮತ್ತೆ ಯಾಕೆ ಒಪ್ಪಿದ್ರಿ?"

"ನನಗೂ ಅನುಕೂಲ ಆಯ್ತಲ್ಲ. ಯಾರ ಮುಂದೂ ಏನೂ ಒಪ್ಪಿಕೊಳ್ಳದೆ ಕೋಲು ಹಿಡಿದೆ." ನನ್ನ ಕಡೆ ತಿರುಗಿ, "ನಿನಗೆ ಎಚ್ಚರ ಇದ್ದದ್ದೂ ಗೊತ್ತಿತ್ತು. ನಿದ್ದೆಯಲ್ಲಿ ನಿನ್ನ ಉಸಿರು ಹಾಗೆ ಬರಲ್ಲ" ಎಂದರು.

ನಾನು ಮಾತ್ರ ಕೇಳುವವಳು ಎಂದುಕೊಂಡಿದ್ದೆ.

ಮಾರನೆಯ ದಿನ ಲಾಂಡ್ರಿಯಿಂದ ಬರುವಾಗ ಆಸ್ಪತ್ರೆಯ ಎದುರಿನ ಅಂಗಡಿಗೆ ಹೋದೆ. ಮರದ ಊರುಗೋಲು, ಬಾಗಿದ ಹಿಡಿ, ತುದಿಗೆ ಕಪ್ಪು ರಬ್ಬರು. ಮಡಚುವುದಿಲ್ಲ, ಉದ್ದ ಮಾಡಲು ಬರುವುದಿಲ್ಲ, ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ಕಾಗದ ಸುತ್ತಿಕೊಡಲೇ ಎಂದರು. ಬೇಡವೆಂದೆ. ಬೀದಿಯುದ್ದಕ್ಕೂ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಬಂದೆ.

ಮಗಳು ಬಾಗಿಲ ಬಳಿ ಪುಸ್ತಕ ಹಿಡಿದು ಕುಳಿತಿದ್ದಳು. ಇವರು ದಿಂಬಿಗೆ ಒರಗಿದ್ದರು.

"ಇದೇನು?"

"ಊರುಗೋಲು" ಎಂದೆ. "ನಿಮಗೆ. ನಿಮ್ಮ ಕಾಲಿಗೆ."

ಕೈ ಚಾಚಿದರು. ಬಲಗೈಯಲ್ಲಿ ತೆಗೆದುಕೊಂಡು ಮೇಲೆ ಕೆಳಗೆ ನೋಡಿದರು, ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ, ಕೋಲು ಹಿಡಿಯಬೇಕಾದ ಕೈ ಅದೇ ಎಂಬಂತೆ, ಎಡಗೈಗೆ ದಾಟಿಸಿದರು. ಮಗಳು ಪುಸ್ತಕದಿಂದ ತಲೆಯೆತ್ತಿದಳು. ನಾನು ಅಂಕಿಗಾಗಿ ಕಾದೆ. ತಪ್ಪು ಅಂಕಿಯಾದರೂ ಬರಲಿ ಎಂದು ಕಾದೆ.

ಕೋಲು ಹಿಡಿದ ಕೈ ಒಂದು ಗೇಣು ಮೇಲೆದ್ದಿತು. ಸ್ವಲ್ಪ ಹೊತ್ತು ಅಲ್ಲೇ ನಡುಗಿತು. ನಿಧಾನಕ್ಕೆ ಇಳಿದು ಹೊದಿಕೆಯ ಮೇಲೆ ಒರಗಿತು.

"ಭಾರ ಇದೆ ಕಣೇ" ಎಂದರು.

ಎಷ್ಟು ಎಂದು ಮಗಳು ಕೇಳಲಿಲ್ಲ.